ಗಾಳಿ ಸೋರೂ ನೆಲ

ನಿಮ್ಮ ಮನ್ಯಾಗ ಮಾಳಿಗಿ ಸೋರಿರಬೇಕು, ಕೊಡಾ ಸೋರಿರಬೇಕು, ನೆಲ ಯಾವಾಗರ ಸೋರೈತೇನ್ರಿ? ನಾ ಕಸಾ ಹೊಡಿಯೂ ಆಫೀಸ್ನ್ಯಾಗ ಸೋರಿತ್ತು. ನೀರಲ್ರಿ, ಗಾಳಿ.

ಗಿಣಿಗೇರಾದಾಗ ಕಾರ್ಖಾನಿ ಬಾಜೂಕ ಹೊಸಾ ಆಫೀಸ್ ಕಟ್ಟ್ಯಾರ. ಅಲ್ಲಿ ನೆಲ ಅಂದ್ರ ಕಬ್ಬಿಣದ ಕಾಲಿನ ಮ್ಯಾಲ ಹಾಸಿದ ಹಲಗಿ. ಕೆಳಗ ಮೊಣಕಾಲುದ್ದ ಪೊಳ್ಳು. ಎಸಿ ಮಷಿನ್ ಆ ಪೊಳ್ಳಿನಾಗ ತಣ್ಣನ ಗಾಳಿ ತುಂಬತೈತಿ, ಅದು ನೆಲದಾಗಿನ ಜಾಳಿಯಿಂದ ಮ್ಯಾಲ ಬರತೈತಿ. ಸಂದ್ಯಾಗ ಸೋರಿ ಹೋತಂದ್ರ ತಂಪೆಲ್ಲಾ ದಂಡ. ಆ ಸಂದಿ ಮುಚ್ಚೂ ಕೆಲಸ ನನ್ನ ಸೊಸಿದು. ಮನ್ಯಾಗ ಉಪ್ಪಿನ ಡಬ್ಬಿ ಎಲ್ಲಿಡಬೇಕು ಅಂಬೂದಕ್ಕೂ ನಮ್ಮಿಬ್ಬರಿಗೆ ಜಗಳ. ನಮ್ಮಿಬ್ಬರನ್ನೂ ಕೆಲಸಕ್ಕ ಇಟ್ಕೊಂಡ ಗುತ್ತಿಗೆದಾರನ್ನ ಬೈಯೂದ್ರಾಗ ಮಾತ್ರ ಇಬ್ಬರೂ ಒಂದ.

ತಪಾಸಣಿ ದಿನ ಹೊರಗಿನ ಎಂಜಿನಿಯರ್ ಬಂದ. ಜಾಳಿಗೆಲ್ಲಾ ಟೇಪ್ ಹಚ್ಚಿ, ದೊಡ್ಡ ಫ್ಯಾನಿನಿಂದ ನೆಲದಡಿ ಗಾಳಿ ಒತ್ತಿದ. ಮೀಟರ್ ನೋಡಿ ತಲಿ ಅಲ್ಲಾಡಿಸಿದ.

"ಭಾಳ ಸೋರಾಕತ್ತೈತಿ. ಪಾಸ್ ಆಗೂದಿಲ್ಲ."

ಗುತ್ತಿಗೆದಾರ ಎಲ್ಲಾರ ಮುಂದ ಸೊಸಿ ಮ್ಯಾಲ ಹರಿಹಾಯ್ದ. "ಸಂದಿ ಮುಚ್ಚಾಕ ಬರೂದಿಲ್ಲಂದ್ರ ನಾಳಿಂದ ಮನ್ಯಾಗ ಕುಂದ್ರು!" ಮುಂದಿನ ಬೈಗಳಾ ಈ ಮೊಬೈಲ್ನ್ಯಾಗ ಒತ್ತಾಕ ನನ್ನ ಬೆರಳು ಒಲ್ಲೆ ಅಂತಾವ.

"ಆಕಿ ಮುಚ್ಚಿದ್ದು ಮೊದ್ಲ ನೋಡ್ರಿ, ಬಾಯಿ ಆಮ್ಯಾಲ ತೆಗೀರಿ" ಅಂದೆ.

"ಏ ಮುದುಕಿ, ನೀ ಕಸಬರಗಿ ಹಿಡಿ!"

ಎಂಜಿನಿಯರ್ ಹೊಗಿ ಬಿಡೂ ಕೊಳವಿ ಹಿಡ್ಕೊಂಡು ಗ್ವಾಡಿಗುಂಟ ಹೊಂಟ. ಸೊಸಿ ಮುಚ್ಚಿದ ಕಡೆ ಹೊಗಿ ಮಿಸುಗಾಡಲಿಲ್ಲ. ಈಶಾನ್ಯ ಮೂಲ್ಯಾಗ ಭುಸ್ ಅಂತ ಹಾರಿತು. ಹಲಗಿ ಸರಿ ಕುಂತಿದ್ದಿಲ್ಲ. ಎತ್ತಿದ್ರ ಏನೈತಿ, ಕೆಂಪು ಅರಿವ್ಯಾಗ ಟೆಂಗಿನಕಾಯಿ, ಲಿಂಬಿಹಣ್ಣು! ಕಾಯಿ ಪೊಳ್ಳಿನಾಗ ಜೋತುಬಿದ್ದಿತ್ತು, ಅರಿವಿ ಗಂಟು ಕಬ್ಬಿಣದ ಕಾಲಿನ ತಲಿ ಮ್ಯಾಲ, ಅದರ ಮ್ಯಾಲ ಹಲಗಿ.

"ಇದನ್ಯಾರು ಕಟ್ಟಿದ್ರಿ?" ಅಂದ ಎಂಜಿನಿಯರ್.

ಗುತ್ತಿಗೆದಾರ ಸೂರು ನೋಡಾಕತ್ತಿದ್ದ.

"ಈ ನಮ್ಮ ಗುತ್ತಿಗೆದಾರ ಸಾಹೇಬ್ರ ಕಟ್ಟ್ಯಾರ್ರಿ" ಅಂದೆ. "ಅಮಾಸಿ ದಿನ, ಕಟ್ಟಡಕ್ಕ ದೃಷ್ಟಿ ಆಗಬಾರ್ದಂತ. ಚೆಲ್ಲಿದ ಕುಂಕುಮ ನಾನ ಒರಸೀನಿ."

ಕಾಯಿ ತೆಗೆದು, ಹಲಗಿ ಕುಂದರಿಸಿ ಮತ್ತ ಗಾಳಿ ಒತ್ತಿದ್ರು. ಪಾಸಾತು. ಗುತ್ತಿಗೆದಾರ ಕಾಯಿ ಬಗಲಾಗ ಇಟ್ಕೊಂಡು ಹೋದ. ಸೊಸಿಗೆ ತಪ್ಪಾತು ಅನ್ನಲಿಲ್ಲ, ನಾಳಿಂದ ಬರಬ್ಯಾಡ ಅಂತನೂ ಅನ್ನಲಿಲ್ಲ.

ಸಂಜಿಕ ಟಂಟಂನ್ಯಾಗ ಮನಿಗೆ ಬರೂಮುಂದ ನಾ ಉಬ್ಬಿ ಅಂದೆ, "ನಾ ಇದ್ದೆ ಅಂತ ನಿನ್ನ ಕೆಲಸ ಉಳೀತು."

ಸೊಸಿ ನನ್ನ ಮಾರಿ ಸೈತ ನೋಡಲಿಲ್ಲ. "ಅಮಾಸಿಂದ ಗೊತ್ತಿದ್ದು, ಅವನ ಕಡಿಂದ ನನ್ನ ಬೈಸಿ ಆಮ್ಯಾಲ ಬಾಯಿ ಬಿಟ್ರೇನ್ರಿ ಅತ್ತಿ? ಇವತ್ತ ಅಡಗಿ ನೀವ ಮಾಡ್ರಿ. ಉಪ್ಪಿನ ಡಬ್ಬಿ ಎಲ್ಲೈತಿ ಅಂತ ನನ್ನ ಕೇಳಬ್ಯಾಡ್ರಿ."