ಹೆಗಲಿಗೇರುವ ಸೈಕಲ್ಲು

ಹೊಸೂರಿನ ಮೇಷ್ಟರುಗಳ ಮನೆತನದಲ್ಲಿ ಹುಟ್ಟಿದರೂ ಹಯಗ್ರೀವನಿಗೆ ಪಾಠ ಹೇಳುವ ತಾಳ್ಮೆ ಇರಲಿಲ್ಲ. ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆದ. ಊಟದ ಎಲೆಯ ಮುಂದೆಯೂ ಬೆರಳಿನಿಂದ ಗೆರೆ ಎಳೆಯುವ ಮನುಷ್ಯ. ಮನೆತನದ ಕಸುಬು ಉಳಿದದ್ದು ಹೆಂಡತಿ ಶ್ಯಾಮಲಮ್ಮನಿಂದ. ಆಕೆ ಬೆಳಗಿನ ಬಸ್ಸಿನಲ್ಲಿ ಹೊರಟು ರಾಯಕೋಟೆಯಲ್ಲಿ ಇಳಿದು, ದೊಡ್ಡಮುನಿಯಮ್ಮ ಎಂಬಾಕೆಯ ಜಗಲಿಯಲ್ಲಿಟ್ಟಿದ್ದ ಸೈಕಲ್ಲು ತೆಗೆದುಕೊಂಡು, ಮೂರು ಮೈಲಿ ಕಲ್ಲುದಾರಿ ಹಿಡಿದು ಗುಡ್ಡದಾಚೆಯ ಕನ್ನಡ ಶಾಲೆಗೆ ಹೋಗುತ್ತಿದ್ದಳು. 1984ರಲ್ಲಿ ಆ ಸೈಕಲ್ಲಿನ ಫ್ರೇಮು ಎರಡನೇ ಸಲ ಮುರಿಯಿತು.

ಅದೇ ಹೊತ್ತಿಗೆ ಕಾರ್ಖಾನೆಯಲ್ಲಿ ರಸಾಯನದ ಟ್ಯಾಂಕುಗಳಿಗೆಂದು ತರಿಸಿದ್ದ ಟೈಟಾನಿಯಂ ಕೊಳವೆಗಳ ತುಂಡುಗಳು ಉಳಿದಿದ್ದವು. ಉಕ್ಕಿನ ಗಟ್ಟಿತನ, ಅದರ ಅರ್ಧಕ್ಕಿಂತ ತುಸು ಹೆಚ್ಚು ತೂಕ, ತುಕ್ಕಿನ ಭಯವಿಲ್ಲ. ಹಯಗ್ರೀವ ಮ್ಯಾನೇಜರನ್ನು ಕೇಳಿ, ಗೇಟಿಗೆ ಚೀಟಿ ಬರೆಸಿ ಅವನ್ನು ತಂದ. ಹೆಂಡತಿಯನ್ನು ಗೋಡೆಗೆ ನಿಲ್ಲಿಸಿ ಕಾಲು, ತೋಳು, ಬೆನ್ನು ಅಳೆದ. ಸೀರೆಗೆ ಅಡ್ಡವಾಗದಂತೆ ನಕ್ಷೆಯಲ್ಲಿ ಮೇಲಿನ ಕೊಳವೆಯನ್ನು ಇಳಿಜಾರಾಗಿ ಬರೆದ. ಬರೆದದ್ದನ್ನು ಹರಿದ, ಮತ್ತೆ ಬರೆದ. ಶಾಲೆಯ ಬೇಸಿಗೆ ರಜೆಯೆಲ್ಲ ಅದರಲ್ಲೇ ಕಳೆಯಿತು.

ಬೆಸುಗೆಗೆ ಒಪ್ಪಿದವನು ಗುಮ್ಮಳಾಪುರದ ನಂಜಪ್ಪ, ಅದೇ ಕಾರ್ಖಾನೆಯ ವೆಲ್ಡರ್. ಕಾದ ಟೈಟಾನಿಯಂಗೆ ಗಾಳಿ ತಗುಲಿದರೆ ಅದು ಗಾಜಿನಂತೆ ಪೆಡಸಾಗುತ್ತದೆ. ಹಾಗಾಗಿ ಕೊಳವೆಯ ಒಳಗೂ ಹೊರಗೂ ಆರ್ಗಾನ್ ಅನಿಲ ಹಾಯಿಸುತ್ತಲೇ ಬೆಸೆಯಬೇಕು. ಕೊನೆಯ ಬೆಸುಗೆ ಮುಗಿಯುವ ಮೊದಲೇ ಸಿಲಿಂಡರು ಬರಿದಾಗಿ ಅದಕ್ಕೆ ಗಾಳಿ ತಗುಲಿತು.

"ನೀಲಿ ಬಂದ್ಬುಡ್ತು ಸಾರ್. ಬೆಳ್ಳಿ ಹಂಗೆ ಹೊಳೀಬೇಕಿತ್ತು," ಎಂದ ನಂಜಪ್ಪ. "ಗ್ಯಾಸ್ ಬರ್ಲಿ, ಕುಯ್ದು ಮತ್ತೆ ಹಾಕ್ತೀನಿ."

"ಎಷ್ಟು ದಿನ?"

"ಒಂದ್ ತಿಂಗ್ಳಾಯ್ತದೆ."

"ಸೋಮವಾರ ಸ್ಕೂಲು ಶುರು. ಇರಲಿ ಬಿಡು."

"ನಿಮ್ಮಿಷ್ಟ ಸಾರ್. ನಾನ್ ಹೇಳೋದ್ ಹೇಳಿವ್ನಿ."

ಗುರುವಾರ ಇಳಿಜಾರಿನಲ್ಲಿ ಆ ಬೆಸುಗೆಯೇ ಬಿಟ್ಟಿತು. ಶ್ಯಾಮಲಮ್ಮ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡಳು.

ಹಯಗ್ರೀವ ನಂಜಪ್ಪನ ಮಾತನ್ನು ಮುಚ್ಚಿಡಲಿಲ್ಲ. ಎಲ್ಲ ಹೇಳಿ ಬೈಗುಳಕ್ಕೆ ಕಾದ. ಆಕೆ ಬೈಯಲಿಲ್ಲ, ಅದು ಅವನನ್ನು ಇನ್ನಷ್ಟು ಚುಚ್ಚಿತು. ನಡುಮನೆಯಲ್ಲಿ ಅತ್ತಿಂದಿತ್ತ ತಿರುಗಿದ. ಎರಡೇ ದಿನಕ್ಕೆ ಹೊಸ ನಕ್ಷೆ ಹಿಡಿದು ಅವಳ ಮುಂದೆ ನಿಂತ.

"ನನ್ನನ್ನ ಅಳೆದ್ರಿ," ಎಂದಳು ಶ್ಯಾಮಲಮ್ಮ. "ಆ ದಾರೀನ ಒಂದ್ಸಲನಾದ್ರೂ ನೋಡಿದ್ದೀರಾ?"

"ಸೈಕಲ್ ಮೇಲೆ ಕೂರೋಳು ನೀನಲ್ವಾ?"

"ಎಲ್ಲಿ ಕೂರ್ತೀನಿ? ಅರ್ಧ ದಾರಿ ನಾನೇ ಅದನ್ನ ಹೊತ್ಕೊಂಡು ಹೋಗ್ತೀನಿ."

ಭಾನುವಾರ ಇಬ್ಬರೂ ಹೋದರು. ಆಕೆ ಕೊರಳಿಗೆ ಕೈ ಕಟ್ಟಿಕೊಂಡು ಮುಂದೆ, ಅವನು ಯಾರದೋ ಸೈಕಲ್ಲು ತಳ್ಳಿಕೊಂಡು ಹಿಂದೆ. ಬಂಡೆ ಸಿಕ್ಕಿದಲ್ಲೆಲ್ಲ ಎತ್ತಬೇಕು, ಹಳ್ಳ ದಾಟುವಾಗ ಹೆಗಲಿಗೇರಿಸಬೇಕು. ಎತ್ತಲು ಹಿಡಿಯೇ ಇಲ್ಲ. ಪೆಡಲು ಕಲ್ಲಿಗೆ ಬಡಿಯುತ್ತದೆ. ಶಾಲೆ ಮುಟ್ಟುವಷ್ಟರಲ್ಲಿ ಅವನ ಹೆಗಲು ಕೆಂಪಾಗಿತ್ತು.

ಹೊಸ ಫ್ರೇಮಿನಲ್ಲಿ ಹೆಗಲು ಕೂರುವಂತೆ ಒಂದು ಕೊಳವೆಯನ್ನು ಬಾಗಿಸಿದ, ಸೀಟಿನ ಕೆಳಗೆ ಗಿಡ್ಡ ಹಿಡಿ ಇಟ್ಟ, ಪೆಡಲಿನ ಅಚ್ಚನ್ನು ಒಂದಂಗುಲ ಮೇಲಕ್ಕೆತ್ತಿದ. ಆಮೇಲೆ ಗ್ಯಾಸಿಗೆ ಕಾಯಬೇಕಾಯಿತು. ದಿನಕ್ಕೆರಡು ಸಲ ಕಾರ್ಖಾನೆಯ ಸ್ಟೋರಿಗೆ ಹೋಗಿ ವಿಚಾರಿಸುವನು. ಅಲ್ಲಿನ ಗುಮಾಸ್ತ ತಲೆ ಎತ್ತದೆ ತಮಿಳಿನಲ್ಲಿ "ವರುಂ ಸಾರ್, ವರುಂ", ಬರುತ್ತದೆ ಬರುತ್ತದೆ, ಎನ್ನುವನು. ಐದು ವಾರವಾದ ಮೇಲೆ ಬಂತು. ಈ ಸಲ ನಂಜಪ್ಪ ಹಾಕಿದ ಬೆಸುಗೆಗಳೆಲ್ಲ ಬೆಳ್ಳಗೆ ಹೊಳೆದವು. ಹೆಬ್ಬೆರಳಿನಿಂದ ಒಂದೊಂದನ್ನೂ ಸವರಿ, "ಈಗ ತಕಂಡೋಗಿ," ಎಂದ.

ಶ್ಯಾಮಲಮ್ಮ ಐದು ವರ್ಷ ಅದರಲ್ಲಿ ಹೋಗಿ ಬಂದಳು. ಒಂದು ಬೆಸುಗೆಯೂ ಅಲುಗಲಿಲ್ಲ. ಆದರೂ ಸಂಜೆಯ ಬಸ್ಸು ಸ್ವಲ್ಪ ತಡವಾದರೆ ಹಯಗ್ರೀವ ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತಿರುತ್ತಿದ್ದ.

89ರಲ್ಲಿ ಅವಳಿಗೆ ಹೊಸೂರಿಗೇ ವರ್ಗವಾಯಿತು. ಸೈಕಲ್ಲನ್ನು ತನ್ನ ಜಾಗಕ್ಕೆ ಬಂದ ಚಿನ್ನಮ್ಮ ಟೀಚರಿಗೆ ಬಿಟ್ಟಳು. ಚಿನ್ನಮ್ಮ ಅವಳಿಗಿಂತ ಒಂದು ಗೇಣು ಎತ್ತರ.

"ಅದು ಅವರ ಅಳತೆಗಲ್ಲ," ಎಂದು ಹಯಗ್ರೀವ ಚಡಪಡಿಸಿದ.

"ಸೀಟ್ ಎತ್ತಿದ್ರೆ ಸಾಕು, ಸುಮ್ನಿರಿ," ಎಂದಳು ಶ್ಯಾಮಲಮ್ಮ.

ಅವನಿಗೆ ನಂಬಿಕೆ ಬರಲಿಲ್ಲ. ಮರುದಿನ ರಜೆ ಹಾಕಿ, ನಡೆದೇ ಗುಡ್ಡ ಹತ್ತಿ ಶಾಲೆ ಮುಟ್ಟಿದ. ಸೈಕಲ್ಲು ಗೋಡೆಗೊರಗಿತ್ತು. ಹೇಗಿದೆಯೆಂದು ಕೇಳಿದ.

"ಚೆನ್ನಾಗೈತೆ ಸಾರ್," ಎಂದಳು ಚಿನ್ನಮ್ಮ. "ಇಳಿಜಾರಲ್ಲಿ ಮಾತ್ರ ಮುಂದ್ಗಡೆ ಒಂಚೂರು ಕುಣೀತದೆ."

"ಎಲ್ಲಿ, ತೋರಿಸಿ," ಎನ್ನುತ್ತ ಹಯಗ್ರೀವ ಆಗಲೇ ಮುಂದಿನ ಚಕ್ರದ ಬಳಿ ಮೊಣಕಾಲೂರಿದ್ದ.