ಟೋಪಿಯಣ್ಣನ ಮೀನುತೊಟ್ಟಿ

ಯಾರಿಗೂ ಟೋಪಿ ಹಾಕಿದವನಲ್ಲದಿದ್ದರೂ ಬೀದಿಯವರೆಲ್ಲ ಅವನನ್ನು ಟೋಪಿಯಣ್ಣ ಎಂದೇ ಕರೆಯುತ್ತಿದ್ದರು. ಕಬ್ಬಿಣದ ಪೈಪು, ಗೇಟುಗಳ ಮೇಲೆ ಗಾಳಿಯ ಒತ್ತಡದಿಂದ ಮರಳು ಚಿಮ್ಮಿಸಿ ತುಕ್ಕು ತೆಗೆಯುವ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ ದುಡಿದವನು. ಮುಖವನ್ನೆಲ್ಲ ಮುಚ್ಚಿ, ಕೊಳವೆಯಿಂದ ಒಳಗೆ ಒಳ್ಳೆಯ ಗಾಳಿ ಬಿಡುವ ಟೋಪಿ ಆ ಶೆಡ್ಡಿನಲ್ಲಿ ಇದ್ದದ್ದು ಒಂದೇ. ಹಿರಿಯನೆಂದು ಅದು ಅವನ ಪಾಲಿಗೆ ಬಂದಿತ್ತು. ಉಳಿದ ಏಳು ಜನ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡುತ್ತಿದ್ದರು.

ಆ ಏಳರಲ್ಲಿ ಒಬ್ಬ ಅವನ ಹೆಂಡತಿಯ ತಮ್ಮ. ಭಾವನ ಮಾತು ನಂಬಿ ಕೆಲಸಕ್ಕೆ ಸೇರಿದ ಹುಡುಗ, ಮೂವತ್ತನಾಲ್ಕಕ್ಕೇ ಹಾಸಿಗೆ ಹಿಡಿದು ಹೋಗಿಬಿಟ್ಟ. ಶ್ವಾಸಕೋಶದ ತುಂಬ ಮರಳಿನ ದೂಳು ಕೂತಿದೆ ಎಂದಿದ್ದರು ಡಾಕ್ಟರು. ಮರುವರ್ಷ ಟೋಪಿಯಣ್ಣನಿಗೂ ಅದೇ ಕೆಮ್ಮು ಶುರುವಾಯಿತು. ಟೋಪಿಯ ಕೊಳವೆ ಸೀಳಿ ಎಷ್ಟೋ ವರ್ಷಗಳಾಗಿದ್ದವು. ಬದಲಿಸಿ ಎಂದು ಕೇಳಲು ಅವನಿಗೆ ಬಾಯಿ ಬಂದಿರಲಿಲ್ಲ.

ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಸುತ್ತಮುತ್ತಲವರಿಗೆ ಟೈಲರಮ್ಮ. ತಮ್ಮ ಸತ್ತ ಮೇಲೆ ಅವನ ವಿಷಯವಾಗಿ ಗಂಡನೊಡನೆ ಅವಳು ಒಂದು ಮಾತೂ ಆಡಿರಲಿಲ್ಲ. ಹೊತ್ತು ಹೊತ್ತಿಗೆ ಊಟ ಇಟ್ಟಳು, ಮಾತ್ರೆ ಕೊಟ್ಟಳು, ತಿಂಗಳಿಗೊಮ್ಮೆ ಆಸ್ಪತ್ರೆಗೆ ಕರೆದುಕೊಂಡು ಹೋದಳು. 

ಆಸ್ಪತ್ರೆಯಲ್ಲಿ ರೋಗಿಗಳು ಕಾಯುವ ಹಜಾರದಲ್ಲಿ ಒಂದು ಗಾಜಿನ ಮೀನುತೊಟ್ಟಿ ಇತ್ತು. ಸಿಕ್ಲಿಡ್ ಎಂಬ ಜಾತಿಯ ಮೀನುಗಳು. ತಳದ ಮರಳನ್ನು ಬಾಯಿ ತುಂಬ ತೆಗೆದುಕೊಂಡು, ತಿನ್ನುವುದನ್ನು ತಿಂದು, ಉಳಿದ ಮರಳನ್ನು ಕಿವಿರಿನಿಂದ ಹೊರಗೆ ಬಿಡುತ್ತಿದ್ದವು. ಟೋಪಿಯಣ್ಣ ಅದರ ಮುಂದೆ ಕೂತರೆ ತನ್ನ ಸರದಿ ಬಂದದ್ದೂ ತಿಳಿಯುತ್ತಿರಲಿಲ್ಲ. ತೊಟ್ಟಿ ತೊಳೆಯಲು ಬರುವವನೊಡನೆ ಗಂಟೆಗಟ್ಟಲೆ ಮಾತಾಡಿ ಎಲ್ಲ ತಿಳಿದುಕೊಂಡ. ಒಂದು ದಿನ ಮನೆಯಲ್ಲೂ ಅಂಥದ್ದೊಂದು ಇಡೋಣ ಎಂದ.

"ಮರಳಿನ ಮಾತು ಎತ್ತಬೇಡಿ," ಎಂದಳು ಟೈಲರಮ್ಮ. "ಇಷ್ಟು ವರ್ಷ ನಿಮ್ಮ ಅಂಗಿ ಒದರಿದ್ದು ಸಾಲದಾ?"

ಅವನು ಹೋಗಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಗೋಡೆ ನೋಡುತ್ತ ಕೂತ. ಹದಿನೈದು ದಿನ ಅವನು ಹಾಗೆ ಕೂತಿದ್ದನ್ನು ನೋಡಿ ಅವಳಿಗೇ ಸಾಕಾಯಿತು. ಒಣ ಮರಳನ್ನು ಅವನು ಮುಟ್ಟಕೂಡದು, ತೊಳೆಯುವುದು ತನ್ನ ಕೆಲಸ ಎಂದು ಕರಾರು ಹಾಕಿ ಒಪ್ಪಿದಳು. ತೊಟ್ಟಿಯವನು ನಾಲ್ಕಡಿಯ ಹಳೆಯ ತೊಟ್ಟಿಯನ್ನೂ ಎರಡು ಚೀಲ ಸಣ್ಣ ಮರಳನ್ನೂ ತಂದಿಳಿಸಿದ.

ಬಚ್ಚಲಲ್ಲಿ ಸೀರೆ ಎತ್ತಿಕಟ್ಟಿ ಕೂತು ಅವಳು ಬಕೆಟ್ಟಿಗಿಷ್ಟು ಮರಳು ಸುರಿದು ತೊಳೆಯತೊಡಗಿದಳು. ಅವನು ಹೊಸ್ತಿಲಾಚೆ ಸ್ಟೂಲಿನ ಮೇಲೆ ಮೂಗಿಗೆ ಒದ್ದೆ ಟವೆಲು ಹಿಡಿದು ಕೂತಿದ್ದ. ನೀರು ಸುಣ್ಣ ಕದಡಿದಂತೆ ಬೆಳ್ಳಗೆ ಹೋಗುತ್ತಿತ್ತು. ಇನ್ನೊಂದು ಸಲ, ಇನ್ನೂ ಒಂದು ಸಲ ಎಂದು ಅವನು ಹೇಳುತ್ತಲೇ ಇದ್ದ. ಐದನೆಯ ಬಕೆಟ್ಟಿಗೆ ಅವಳ ಕೈ ನಿಂತಿತು.

"ಆ ಟೋಪೀನ ದಿನ ಬಿಟ್ಟು ದಿನ ನನ್ನ ತಮ್ಮನಿಗೂ ಕೊಡಬಹುದಿತ್ತಲ್ಲ," ಎಂದಳು, ತಲೆಯೆತ್ತದೆ.

ಅವನು ಮೂಗಿಗೆ ಹಿಡಿದಿದ್ದ ಟವೆಲು ಕೆಳಗಿಳಿಸಿದ.

"ಕೊಡಬಹುದಿತ್ತು. ಕೊಡಲಿಲ್ಲ," ಎಂದ. "ಅಷ್ಟೇ ಅಲ್ಲ. ಸರ್ಕಾರದವರು ತಪಾಸಣೆಗೆ ಬಂದಾಗ ಎಲ್ಲರಿಗೂ ಟೋಪಿ ಇದೆ ಅಂತ ನಾನೇ ಸಹಿ ಹಾಕಿ ಕೊಟ್ಟಿದೀನಿ. ಮೂರು ಸಲ."

"ಯಾಕೆ?"

"ಇಲ್ಲ ಅಂದ್ರೆ ನನ್ನದನ್ನೂ ಕಿತ್ಕೋತಾರೆ ಅಂತ ಹೆದರಿಕೆ."

ಅವಳು ಬಕೆಟ್ಟನ್ನು ಬಗ್ಗಿಸಿ ನೀರು ಚೆಲ್ಲಿದಳು. ಮತ್ತೆ ತುಂಬಿದಳು. ಎರಡು ಚೀಲವೂ ಮುಗಿಯುವವರೆಗೆ ತೊಳೆದಳು. ಅಂದಿನಿಂದ ಎಂಟು ದಿನ ಅವನ ಜೊತೆ ಮಾತು ಬಿಟ್ಟಳು.

ಮಾತು ಬಿಟ್ಟರೂ ಕೆಲಸ ಬಿಡಲಿಲ್ಲ. ಅವನು ಕುರ್ಚಿಯಿಂದ ಒಂದೊಂದೇ ಹೇಳಿದ, ಇವಳು ತುಟಿ ಬಿಗಿದುಕೊಂಡು ಮಾಡಿದಳು. ಮೊದಲು ಕಲ್ಲುಗಳು, ಆಮೇಲೆ ಮರಳು. ಮೀನು ಅಗೆದಾಗ ಕಲ್ಲು ಉರುಳಿ ಗಾಜು ಒಡೆಯಬಾರದಲ್ಲ. ಮರಳು ಎರಡು ಬೆರಳಿನಷ್ಟು. ಅದರ ಮೇಲೆ ಒಂದು ತಟ್ಟೆ, ಮರಳು ಕದಡದಂತೆ ತಟ್ಟೆಯ ಮೇಲೆ ಮೆಲ್ಲಗೆ ನೀರು. ಫಿಲ್ಟರಿನ ಬಾಯಿ ಮರಳಿಗೆ ತಾಗದಂತೆ ಮೇಲೆ. ಕೊಳೆ ತಿನ್ನುವ ಸೂಕ್ಷ್ಮಜೀವಿಗಳು ಬೆಳೆದು ನೀರು ಹದಕ್ಕೆ ಬರಲು ತಿಂಗಳಾದರೂ ಬೇಕು, ಅಲ್ಲಿಯವರೆಗೆ ಮೀನು ಬಿಡದೆ ದಿನಾ ಒಂದು ಚಿಟಿಕೆ ಆಹಾರ ಮಾತ್ರ ಹಾಕಬೇಕು ಎಂದಿದ್ದ ತೊಟ್ಟಿಯವನು. ಒಂಬತ್ತನೆಯ ಬೆಳಿಗ್ಗೆ ಗಂಡ ಬರೀ ನೀರಿಗೆ ಆಹಾರ ಉದುರಿಸುವುದನ್ನು ಕಂಡು ಅವಳಿಗೆ ತಡೆಯಲಾಗಲಿಲ್ಲ.

"ಯಾರೂ ಇಲ್ಲದ ಮನೆಗೆ ಊಟ ಬಡಿಸ್ತಾ ಇದೀರಲ್ಲ," ಎಂದಳು.

ಅವನು ಆ ಮಾತಿಗೇ ಕಾದಿದ್ದವನಂತೆ ತಿರುಗಿದ. "ಕಾರ್ಮಿಕ ಇಲಾಖೆಯ ಆಫೀಸಿಗೆ ನನ್ನ ಕರ್ಕೊಂಡು ಹೋಗ್ತೀಯಾ? ನಿಜ ಏನು ಅಂತ ಬರೆಸಬೇಕು."

"ಅಲ್ಲಿ ಎರಡನೇ ಮಹಡಿ ರೀ."

"ಕೂತು ಕೂತು ಹತ್ತೋಣ."

ಮೂವತ್ತೊಂದು ಮೆಟ್ಟಿಲು ಹತ್ತಲು ಮುಕ್ಕಾಲು ಗಂಟೆ ಹಿಡಿಯಿತು. ಆರು ಕಡೆ ಕೂತ. ಅಧಿಕಾರಿ ಎಲ್ಲ ಕೇಳಿಸಿಕೊಂಡು, ಹಾಗಾದರೆ ಹಿಂದೆ ಸುಳ್ಳಿಗೆ ಸಹಿ ಹಾಕಿದ್ದು ನಿಜವೇ ಎಂದು ಕೇಳಿದರು. ಹೌದು ಎಂದ. ಯಾರಾದರೂ ಬಲವಂತ ಮಾಡಿದ್ದರೇ ಎಂದರು. ಇಲ್ಲ ಎಂದ. ಶೆಡ್ಡಿನ ಮಾಲೀಕನ ಮೇಲೆ ಎಲ್ಲ ಹೊರಿಸಿ ತಪ್ಪಿಸಿಕೊಳ್ಳಬಹುದಿತ್ತು, ಹಾಗೆ ಮಾಡಲಿಲ್ಲ. ಪಕ್ಕದಲ್ಲಿ ಕೂತಿದ್ದ ಟೈಲರಮ್ಮ ಅವನು ಸಹಿ ಹಾಕುವಾಗ ಕಾಗದ ಜಾರದಂತೆ ಒತ್ತಿ ಹಿಡಿದಳು.

ತಿಂಗಳು ಕಳೆದು ಆರು ಮೀನುಮರಿಗಳು ಬಂದವು. ಬಂದ ದಿನವೇ ಅಗೆಯಲು ಶುರು. ಅವಳು ಸಮ ಮಾಡಿದ್ದ ಮರಳನ್ನು ಎರಡೇ ದಿನದಲ್ಲಿ ಗುಂಡಿ ದಿಬ್ಬ ಮಾಡಿಬಿಟ್ಟವು. ನೋಡು, ಎಷ್ಟು ಸಲೀಸಾಗಿ ಆಚೆ ಹಾಕ್ತವೆ ಎಂದು ಅವನು ಒಮ್ಮೆ ಮಾತ್ರ ಹೇಳಿದ. ವಾರಕ್ಕೊಮ್ಮೆ ಮೂರರಲ್ಲೊಂದು ಪಾಲು ನೀರು ತೆಗೆದು ಹೊಸದು ತುಂಬುವುದು ಅವಳ ಪಾಲಿಗೇ ಬಂತು. ಬೆಳೆದ ಮೇಲೆ ಎರಡು ಮೀನು ಜೋಡಿಯಾಗಿ ಉಳಿದವನ್ನು ಮೂಲೆಗೆ ಅಟ್ಟಿ ಕಚ್ಚತೊಡಗಿದವು. ಒಂದು ಸತ್ತಿತು. ತೊಟ್ಟಿಯವನು ಬಂದು ಮೂರನ್ನು ಒಯ್ದ. ಅಷ್ಟು ಹೊತ್ತಿಗೆ ಟೋಪಿಯಣ್ಣನಿಗೆ ಕುರ್ಚಿಯಲ್ಲಿ ಕೂರುವುದೂ ಆಗುತ್ತಿರಲಿಲ್ಲ. ಒಂದು ಮಧ್ಯಾಹ್ನ, ಅವಳು ಪಕ್ಕದಲ್ಲಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದಾಗ, ಅವನ ಉಸಿರು ನಿಂತಿತು. ಕ್ಷಮಿಸಿದೆಯಾ ಎಂದು ಅವನು ಕೇಳಲಿಲ್ಲ. 

ವಿಚಾರಣೆ ಅವನು ಸತ್ತ ಮೇಲೂ ಎಳೆಯಿತು. ಮಾಲೀಕ ಶೆಡ್ಡು ಮುಚ್ಚಿ ಇನ್ನೆಲ್ಲೋ ಬೇರೆ ಹೆಸರಿನಲ್ಲಿ ತೆರೆದನೆಂದು ಸುದ್ದಿ. ಆದರೆ ಆ ಹೇಳಿಕೆಯಿಂದಾಗಿ ಉಳಿದ ಆರು ಜನರಿಗೂ ಎಕ್ಸ್‌ರೇ ತೆಗೆಸಿದರು. ನಾಲ್ವರ ಶ್ವಾಸಕೋಶದಲ್ಲಿ ಕಲೆ ಕಂಡಿತು.

ಅವರಲ್ಲಿ ಇಬ್ಬರು ಒಂದು ದಿನ ಟೈಲರಮ್ಮನ ಮನೆಗೆ ಬಂದರು. ಯಂತ್ರದ ಪಕ್ಕ ನಿಂತು ಅವಳ ಯೋಗಕ್ಷೇಮ ವಿಚಾರಿಸಿದರು. ಕೊನೆಗೆ ದೊಡ್ಡವನು ಕೇಳಿದ: "ಅಕ್ಕಾ, ಅಣ್ಣ ಹೇಗೆ ಮಲಗ್ತಿದ್ರು? ನಂಗೆ ಮಲಗಿದ್ರೆ ಎದೆ ಮೇಲೆ ಯಾರೋ ಕೂತ ಹಾಗಾಗತ್ತೆ."

ಅವಳು ಯಂತ್ರ ನಿಲ್ಲಿಸಿ ಅವರಿಗೆ ಚಾಪೆ ಹಾಸಿದಳು. "ಮಲಗ್ತಿರಲಿಲ್ಲ. ಬೆನ್ನಿಗೆ ಮೂರು ದಿಂಬು ಕೊಟ್ಟು ಕೂರಿಸ್ತಿದ್ದೆ," ಎಂದಳು. "ನಿನ್ನ ಹೆಂಡತೀನ ಕಳಿಸು, ತೋರಿಸಿಕೊಡ್ತೀನಿ."