ಪಾಠದ ಕೆಮ್ಮು

ಅಷ್ಟು ದೊಡ್ಡ ಗಂಟಲುಮಣಿಯನ್ನು ನಾನು ಆಮೇಲೆ ಯಾವ ಗಂಡಸಿನ ಕೊರಳಲ್ಲೂ ಕಂಡಿಲ್ಲ. ತೆಳ್ಳಗಿನ ಉದ್ದ ಕೊರಳು, ಅದರ ನಡುವೆ ಇಡೀ ಅಡಿಕೆ ಸಿಕ್ಕಿಕೊಂಡಂಥ ಮಣಿ, ಗೇಣು ಕೆಳಗೆ ಬಿಳಿ ದಾರದಲ್ಲಿ ತೂಗುವ ಬೆಳ್ಳಿ ಕರಡಿಗೆ. ಕರಡಿಗೆಯೊಳಗೆ ಇಷ್ಟಲಿಂಗ. ಯಾರಾದರೂ ತಪ್ಪು ಓದಿದ್ದು ನಮ್ಮ ಕನ್ನಡ ಮಾಸ್ತರ ಕಿವಿಗೆ ಬಿದ್ದರೆ ಆ ಮಣಿ ಸರ್ರನೆ ಮೇಲೇರಿ, ಗದ್ದಕ್ಕೆ ಮುಟ್ಟಿ, ಒಂದು ಕ್ಷಣ ನಿಲ್ಲುತ್ತಿತ್ತು. ಆಮೇಲೆ ಕೆಮ್ಮು. ಉಳಿದ ಮಾಸ್ತರರ ಕೈಯಲ್ಲಿ ಛಡಿ ನೋಡಿ ಹುಡುಗರು ಹೆದರುತ್ತಿದ್ದರು. ನಾವು ಹೆದರಿದ್ದು ಗಂಟಲಿಗೆ.

ನಾನು ಅವರ ಕೈಗೆ ಸಿಕ್ಕಿದ್ದು ಐವತ್ತಾರರಲ್ಲಿ ನಕಾಶೆ ಬದಲಾದದ್ದರಿಂದ. ಅಲ್ಲಿಯತನಕ ಹೈದರಾಬಾದಿನ ಕಾನ್ವೆಂಟಿನಲ್ಲಿದ್ದೆ. ಬಿಳಿ ಸಾಕ್ಸು, ನೀಲಿ ರಿಬ್ಬನ್ನು, ಫೋರ್ಕಿನಲ್ಲಿ ಬಟಾಣಿ ತಿನ್ನುವ ವಿದ್ಯೆ. ಹುಮನಾಬಾದಿನಲ್ಲಿ ಅಪ್ಪನದು ಬಟ್ಟೆ ಅಂಗಡಿ. ಹೈದರಾಬಾದು ಒಂದು ರಾಜ್ಯಕ್ಕೆ, ನಾವು ಒಂದು ರಾಜ್ಯಕ್ಕೆ ಅಂತಾದಾಗ ಅಪ್ಪ ನನ್ನನ್ನು ಟ್ರಂಕಿನ ಸಮೇತ ಊರಿಗೆ ತಂದುಬಿಟ್ಟ. "ಇನ್ನ ಮ್ಯಾಲ ಸರ್ಕಾರ ಕನ್ನಡದಾಗ ಮಾತಾಡತದ. ನನ್ನ ಮಗಳು ಇಂಗ್ಲಿಷಿನ್ಯಾಗ ಜವಾಬು ಕೊಟ್ರ ಹ್ಯಾಂಗ?" ಅಂದ. ಆಯಿ, ಅಂದರೆ ಅಪ್ಪನ ಅವ್ವ, ಅದಕ್ಕೊಂದು ಶರತ್ತು ಸೇರಿಸಿದಳು: "ಮೆಟ್ರಿಕ್ ಪಾಸಾದ್ರ ಮುಂದ ಓದಲಿ. ಕನ್ನಡದಾಗ ಢುಮಕಿ ಹೊಡದ್ಳೋ, ಜಹೀರಾಬಾದಿಗೆ ಕೊಟ್ಟುಬಿಡಾಣ."

ಜಹೀರಾಬಾದು ಅಂದರೆ ಅಲ್ಲಿ ಅಡತಿ ಅಂಗಡಿಯಿದ್ದ ಒಂದು ವರ. ಒಮ್ಮೆ ನೋಡಲು ಬಂದಿದ್ದ. ಮೊದಲು ಅವನ ಮೀಸೆ ಬಂದು ಪಡಸಾಲೆಯಲ್ಲಿ ಕೂತಿತು, ಆಮೇಲೆ ಅವನು ಬಂದ. ಮಾತಾಡಿದ್ದೆಲ್ಲ ತೊಗರಿಯ ಧಾರಣೆ. ಐ ವಾಸ್ ಟೆರಿಫೈಡ್. ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದೆ ನಿಜ, ಆದರೆ ಓದಲು ಬರೆಯಲು ಕೂತರೆ ಆ ಅಕ್ಷರಗಳೆಲ್ಲ ನನಗೆ ಜಿಲೇಬಿಯಂತೆಯೇ ಕಾಣುತ್ತಿದ್ದವು.

ಅಪ್ಪ ಮಾಸ್ತರ ಮನೆಗೆ ಕರೆದೊಯ್ದ ದಿನ ಅವರು ಕೇಳಿದರು, "ಏನೇನು ಬರತದ ತಂಗಿ ನಿನಗ?"

"ಗುಡ್ ಮಾರ್ನಿಂಗ್, ಸರ್," ಅಂದೆ.

"ಅದು ಬರತದ, ಕೇಳಿದೆ. ಮತ್ತ?"

ನನಗೆ ಬಾಯಿಪಾಠವಿದ್ದದ್ದು ಕಾನ್ವೆಂಟಿನ ಬೆಳಗಿನ ಪ್ರಾರ್ಥನೆ ಒಂದೇ. ಕಣ್ಣು ಮುಚ್ಚಿ ಒಪ್ಪಿಸಿದೆ. ಅಪ್ಪ ಮುಜುಗರದಿಂದ ಟೊಪ್ಪಿಗೆ ಸರಿಮಾಡಿಕೊಳ್ಳುತ್ತಿದ್ದ. ನಾನು ಕಣ್ಣು ತೆರೆದರೆ ಮಾಸ್ತರು ಕೈಮುಗಿದು ಕೂತಿದ್ದಾರೆ. "ಚಲೋ ಅಂದಿ. ನನಗ ಒಂದಕ್ಷರ ತಿಳೀಲಿಲ್ಲ, ಆದ್ರ ನೀ ಎಲ್ಲೂ ಎಡವಲಿಲ್ಲ. ಅವನ ಮುಂದ ಎಡವಲಾರದಕಿ ನನ್ನ ಮುಂದ ಯಾಕ ಎಡವತಿ? ನಾಳಿಂದ ಬಾ."

ಅವರ ಹುಟ್ಟೂರು ನಿರ್ಣಾ. ನಿಜಾಮನ ಕಾಲದಲ್ಲಿ ಸಾಲಿ ಕಲಿತದ್ದು ಉರ್ದುವಿನಲ್ಲಿ. ಕನ್ನಡವನ್ನು ಊರ ಮಠದ ಅಯ್ಯನವರ ಕಾಲು ಒತ್ತುತ್ತ ವಚನ ಕೇಳಿ ಕೇಳಿ ಕಲಿತವರು. ಹೀಗಾಗಿ ಲೆಕ್ಕ ಮಾಡುವುದು ಉರ್ದುವಿನಲ್ಲಿ, ಕಾಯಿಪಲ್ಯೆಯವಳ ಜತೆ ಜಗಳ ಮರಾಠಿಯಲ್ಲಿ, ಪೂಜೆ ಕನ್ನಡದಲ್ಲಿ. "ಮೂರೂ ಒಂದ ನಾಲಿಗಿ ಮ್ಯಾಲ ಸುಮ್ಮನ ಕುಂತಾವ. ನೀವು ಮೂರು ಮಂದಿ ಒಂದು ಬೆಂಚಿನ ಮ್ಯಾಲ ಕುಂದರಾಕ ಯಾಕ ಬಡದಾಡತೀರಿ?" ಅಂತ ಹುಡುಗರಿಗೆ ಬೈಯುತ್ತಿದ್ದರು.

ಟ್ಯೂಷನ್ನಿನ ವೇಳೆಯೇ ವಿಚಿತ್ರ. ಲಿಂಗಪೂಜೆ ಆಗುವತನಕ ಅವರು ಒಂದು ಹನಿ ನೀರನ್ನೂ ಬಾಯಿಗೆ ಹಾಕುತ್ತಿರಲಿಲ್ಲ, ಪೂಜೆ ನಡೆದಾಗ ಒಂದು ಮಾತನ್ನೂ ಬಾಯಿಂದ ಬಿಡುತ್ತಿರಲಿಲ್ಲ. ಸರಿಯಾಗಿ ಅದೇ ಹೊತ್ತಿಗೆ ನಮ್ಮನ್ನು ಕರೆಯುತ್ತಿದ್ದರು. ಮಣೆಯ ಮೇಲೆ ಅವರು, ಎಡ ಅಂಗೈಯಲ್ಲಿ ಲಿಂಗ, ಹಣೆತುಂಬ ವಿಭೂತಿ. ಸುತ್ತಲೂ ನಾವು, ಗಟ್ಟಿಯಾಗಿ ಓದುತ್ತ. "ನನ್ನ ಕಣ್ಣು ಲಿಂಗದ ಮ್ಯಾಲ, ಕಿವಿ ನಿಮ್ಮ ಮ್ಯಾಲ. ಎರಡೂ ಅವನ ಕೊಟ್ಟಿದ್ದು," ಇದು ಅವರ ನ್ಯಾಯ. ಅವರ ಹೆಂಡತಿ, ನಾವೆಲ್ಲ ಅವ್ವಾರು ಅನ್ನುತ್ತಿದ್ದೆವು, ಒಲೆಯ ಮುಂದಿನಿಂದಲೇ ಇದನ್ನು ಖಂಡಿಸುತ್ತಿದ್ದರು: "ದೇವರ ಜೋಡಿ ಒಂದು ತಾಸು ಸುಮ್ಮನ ಕುಂದರಾಕ ಬರಂಗಿಲ್ಲ ಈ ಮನಶಾಗ."

ಮಾತಿಲ್ಲದ ಮೇಲೆ ತಿದ್ದುವುದು ಹೇಗೆ? ಕೆಮ್ಮಿನಿಂದ. ಒಂದು ಕೆಮ್ಮಿದರೆ ಸಾಲನ್ನು ಮತ್ತೆ ಓದಬೇಕು. ಎರಡು ಕೆಮ್ಮಿದರೆ ಮೊದಲಿನಿಂದ ಶುರು. ಕೆಮ್ಮೇ ಬರಲಿಲ್ಲವೆಂದರೆ ಸರಿಯಾಗಿದೆ, ಮುಂದೆ ನಡೆ. ಶಹಭಾಸ್ ಅನ್ನುವ ಪದ್ಧತಿ ಅವರಲ್ಲಿ ಇರಲೇ ಇಲ್ಲ. ಅವರ ಸುಮ್ಮನಿರುವಿಕೆಯೇ ನಮ್ಮ ಗೋಲ್ಡ್ ಮೆಡಲ್.

ಮೊದಮೊದಲು ನನಗೆ ಭಾಳ ಕನ್‌ಫ್ಯೂಷನ್ನು. ಒಂದು ದಿನ ಒಂದೇ ಸಾಲು ಮತ್ತೆ ಮತ್ತೆ ಓದಿದರೂ ಕೆಮ್ಮು ನಿಲ್ಲುತ್ತಿಲ್ಲ. ಅಳು ಬರುವುದೊಂದು ಬಾಕಿ. ಅಷ್ಟರಲ್ಲಿ ಅವ್ವಾರು ಒಳಗಿನಿಂದ ಓಡಿಬಂದರು. "ಅಯ್ಯ ತಂಗಿ, ಅದು ನಿನಗಲ್ಲವಾ, ಹಾಲು ಉಕ್ಕಾಕತ್ತಾವಂತ ನನಗ ಕೆಮ್ಮಾಕತ್ತಾರ!" ಇನ್ನೊಂದು ದಿನ ಒಳಗೆ ಮೆಣಸಿನಕಾಯಿ ಹುರಿಯುತ್ತಿದ್ದರು. ಮಾಸ್ತರು ಕೆಮ್ಮಿದರು, ನಾನು ಹಿಂದಕ್ಕೆ ಹೋದೆ. ಮತ್ತೆ ಕೆಮ್ಮಿದರು, ಮತ್ತೆ ಹಿಂದಕ್ಕೆ ಹೋದೆ. ಆಗ ಅವ್ವಾರು ನನ್ನ ಕಿವಿಯಲ್ಲಿ ಗುಟ್ಟು ಹೇಳಿದರು: "ಮಣಿ ನೋಡು. ಮಣಿ ಏರಿದ್ರ ಪಾಠದ ಕೆಮ್ಮು. ಏರಲಿಲ್ಲಂದ್ರ ಖರೇ ಕೆಮ್ಮು. ಇಷ್ಟು ವರ್ಷ ಸಂಸಾರ ಮಾಡಿ ನಾ ಕಲತದ್ದು ಇಷ್ಟ ನೋಡವಾ."

ಈ ಕೆಮ್ಮು ಮನೆಯಲ್ಲೇ ಇರುತ್ತಿರಲಿಲ್ಲ. ಗುರುವಾರ ಮಾಣಿಕನಗರದ ಗುಡಿಗೆ ಭಜನೆ ಕೇಳಲು ಹೋಗುತ್ತಿದ್ದರು. "ಅವನು ದಿನಾ ನನ್ನ ಅಂಗೈಗೆ ಬರತಾನ, ನಾನೂ ಒಂದಿನ ಅವನ ಮನಿಗೆ ಹೋಗಬ್ಯಾಡೇನು?" ಅನ್ನುತ್ತಿದ್ದರು. ಅಲ್ಲಿ ಹಾಡುವವನು ಪದ ನುಂಗಿದರೆ ಸಾಕು, ಮಣಿ ಏರುತ್ತಿತ್ತು. ಕೊನೆಗೆ ತಾಳದವನು ಕೈಮುಗಿದು, "ಮಾಸ್ತರ, ನೀವು ಹಿಂದ ಕಂಬದ ಹತ್ರ ಕುಂದರ್ರಿ. ಅಲ್ಲಿ ಗಾಳಿ ಚಲೋ ಬರತದ," ಅಂತ ಬೇಡಿಕೊಂಡ.

ಮೆಟ್ರಿಕ್ ಪರೀಕ್ಷೆಗೆ ಸೆಂಟರು ಬಸವಕಲ್ಯಾಣ. ಮಾಸ್ತರು ನಮ್ಮನ್ನೆಲ್ಲ ಬಸ್ಸಿನಲ್ಲಿ ಕೂರಿಸಿಕೊಂಡು ಹೋದರು. ಹೊರಡುವಾಗ ಆಯಿ ನನ್ನ ಕೈಗೆ ಮೊಸರು ಸಕ್ಕರೆ ಹಾಕುತ್ತ, "ಜಹೀರಾಬಾದಿನವರು ಮತ್ತ ಹೇಳಿ ಕಳಿಸ್ಯಾರ," ಅಂತ ಆಶೀರ್ವಾದ ಮಾಡಿದಳು.

ಕನ್ನಡ ಪೇಪರಿನ ದಿನ ನಮ್ಮ ಹಾಲಿನ ಸೂಪರ್‌ವೈಜರಿಗೆ ಜ್ವರ ಬಂದು ಮಲಗಿಬಿಟ್ಟರು. ಬೇರೆ ಯಾರೂ ಇಲ್ಲವೆಂದು ನಮ್ಮ ಮಾಸ್ತರನ್ನೇ ನಿಲ್ಲಿಸಿದರು. ಅವರು ಬೇಡವೆಂದೇ ಅಂದರಂತೆ, ಯಾರೂ ಕೇಳಲಿಲ್ಲ. ಪಾಪ, ಯಾರ ಪೇಪರೂ ಕಣ್ಣಿಗೆ ಬೀಳಬಾರದೆಂದು ಮೇಲಿನ ಛತ್ತು ನೋಡುತ್ತ ಓಡಾಡುತ್ತಿದ್ದರು. ಅರ್ಧ ಹೊತ್ತು ಕಳೆದಿರಬೇಕು, ಮೈಸೂರು ಕಡೆಯ ಒಬ್ಬ ಆಫೀಸರು ತಪಾಸಣೆಗೆ ಒಳಗೆ ಬಂದರು. ಶಾಲೆಯ ಸಿಪಾಯಿ ಭಕ್ತಿಯಿಂದ ಕುರ್ಚಿಗೆ ಡಸ್ಟರು ಬಡಿದ. ಧೂಳೆದ್ದಿತು. ಮಾಸ್ತರು ಕೆಮ್ಮಿದರು.

ಹಾಲಿನಲ್ಲಿದ್ದವರಲ್ಲಿ ಅರ್ಧ ಮಂದಿ ಅವರ ಪೂಜೆಯಲ್ಲಿ ಕೂತು ಓದಿದವರು. ಅವರೆಲ್ಲರ ತಲೆ ಪೇಪರಿನ ಮೇಲಿತ್ತು. ಒಂದೇ ಹೊಡೆತಕ್ಕೆ ಅಷ್ಟೂ ಪೆನ್ನು ನಿಂತವು, ಬರೆದ ಸಾಲಿನ ಮೇಲೆ ಟರ್ ಟರ್ ಅಂತ ಗೀಟು ಎಳೆದವು. ನಾನು ಮಾತ್ರ ಮುಂದಿನ ಸಾಲು ಹೊಳೆಯದೆ ಮೇಲೆ ನೋಡುತ್ತ ಕೂತಿದ್ದೆ, ಆದ್ದರಿಂದ ಕಂಡಿತು. ಮಣಿ ಏರಿರಲಿಲ್ಲ.

ಮಾಸ್ತರು ಛತ್ತಿನಿಂದ ಕಣ್ಣಿಳಿಸಿ ನೋಡಿದವರೇ ಗಾಬರಿಬಿದ್ದರು. "ಏ, ಏ! ಹೊಡದು ಹಾಕಬ್ಯಾಡ್ರಿ! ಇದು ಖರೇ ಕೆಮ್ಮು ಅದ, ಪಾಠದ್ದಲ್ಲ!"

ಆಫೀಸರು ಕನ್ನಡಕ ತೆಗೆದರು. "ಏನ್ರೀ ಮೇಷ್ಟ್ರೇ, ಕೆಮ್ಮಿನಲ್ಲಿ ಎರಡು ಜಾತಿ ಇದೆಯೇನ್ರೀ?"

ಇನ್ನೊಬ್ಬರಾಗಿದ್ದರೆ "ಹುಡುಗರು ಹುಚ್ಚರು, ಸರ್" ಅಂತ ನಕ್ಕು ಪಾರಾಗುತ್ತಿದ್ದರು. ಇವರ ಎದೆಯ ಮೇಲೆ ಕರಡಿಗೆ ಇತ್ತಲ್ಲ. "ಅದಾವ್ರಿ ಸಾಹೇಬ್ರ. ಒಂದು ದೇವರು ಕೊಟ್ಟದ್ದು, ಒಂದು ನಾ ಮಾಡಿಕೊಂಡದ್ದು," ಅಂದರು. ಸಾಹೇಬರಿಗೆ ತಿಳಿಯಲೆಂದು, ಸತ್ಯವಾದಿ ಮನುಷ್ಯ, ಎರಡನೆಯದನ್ನು ಕೆಮ್ಮಿಯೂ ತೋರಿಸಿದರು. ಈ ಸಲ ಮಣಿ ಪೂರ್ತಿ ಏರಿತು. ಅರ್ಧ ಹಾಲು ಮತ್ತೊಂದು ಸಾಲು ಹೊಡೆದು ಹಾಕಿತು.

"ಕಾಪಿ!" ಅಂತ ಕೂಗಿದರು ಆಫೀಸರು. "ಕೆಮ್ಮಿಕೊಂಡು ಕಾಪಿ! ನನ್ನ ಸರ್ವೀಸಿನಲ್ಲೇ ನೋಡಿಲ್ಲ. ಈ ಹಾಲಿನ ಪೇಪರೆಲ್ಲ ಕ್ಯಾನ್ಸಲ್!"

ನನ್ನ ಕಣ್ಣ ಮುಂದೆ ಜಹೀರಾಬಾದಿನ ಮೀಸೆ ಬಂದು ಕೂತಿತು. ಇನ್ನೇನು, ತೊಗರಿಯ ಧಾರಣೆ ಕೇಳುತ್ತ ನನ್ನ ಜನ್ಮ ಮುಗಿಯಿತು ಅಂದುಕೊಂಡೆ.

ಮಾಸ್ತರು ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು. "ಕ್ಯಾನ್ಸಲ್ ಮಾಡೂದಿದ್ರ ನನ್ನ ಮಾಡ್ರಿ. ಹುಡುಗರದೇನು ತಪ್ಪು? ನಾ ಹೊರಗ ಹೋಗಿ ಆ ಹುಣಸಿ ಗಿಡದ ಬುಡಕ್ಕ ಕುಂದರತೀನ್ರಿ. ನೀವು ಯಾರನ್ನ ಬೇಕು ಅವರನ್ನ ಎಬ್ಬಿಸಿ ಕೇಳ್ರಿ. ಬರಲಿಲ್ಲಂದ್ರ ಎಲ್ಲಾ ಹರದು ಒಗೀರಿ."

ಹೊರಟೇಬಿಟ್ಟರು. ಕಿಟಕಿಯಿಂದ ಕಾಣುತ್ತಿತ್ತು: ಬಯಲಿನ ಆಚೆ, ನಮಗೆ ಬೆನ್ನು ಮಾಡಿ ಕೂತು, ಹೆಗಲ ಟವೆಲ್ಲಿನ ತುದಿಯನ್ನು ಬಾಯಿಗೆ ತುರುಕಿಕೊಂಡರು.

ಆಫೀಸರ ಬೆರಳು ಹಾಲನ್ನೆಲ್ಲ ಸುತ್ತಿ ಬಂದು ನನ್ನ ನೀಲಿ ರಿಬ್ಬನ್ನಿನ ಮೇಲೆ ನಿಂತಿತು. ಆಫ್ ಕೋರ್ಸ್. "ನೀನು, ಏಳು. ಪಠ್ಯದಲ್ಲಿರೋ ಒಂದು ವಚನ ಹೇಳು. ಅರ್ಥಾನೂ ಹೇಳು."

ಮೊದಲ ಸಾಲು ಹೇಳಿ ನಿಂತೆ. ಎರಡನೆಯ ಸಾಲು ಹೇಳಿ ನಿಂತೆ.

"ಯಾಕೆ ನಿಲ್ಲಿಸ್ತೀಯ?"

"ಸರ್, ಕೆಮ್ಮು ಬರಬೇಕು," ಅಂತ ಬಾಯಿ ತಪ್ಪಿ ಬಂದುಬಿಟ್ಟಿತು. ಹಿಂದಿನ ಬೆಂಚಿನವರು ಕಿಸಕ್ ಅಂದರು.

"ಬರದಿದ್ರೆ?"

"ಬರದಿದ್ದರೆ ಸರಿ ಇದೆ ಅಂತ ಅರ್ಥ, ಸರ್."

ಆಫೀಸರು ಕಿಟಕಿಯಾಚೆ ಆ ಬೆನ್ನನ್ನು ನೋಡಿದರು. ತುಟಿಯ ಮೂಲೆಯಲ್ಲಿ ಏನೋ ಅಲುಗಾಡಿತು. "ಹಾಗಾದ್ರೆ ಹೇಳಮ್ಮ ಮುಂದೆ."

ಹೇಳಿದೆ. ಯಾರೂ ಕಾಯದ, ಯಾರೂ ತಿದ್ದದ ಆ ಸುಮ್ಮನಿರುವಿಕೆಯೊಳಗೆ ಒಬ್ಬಳೇ ನಡೆದೆ. ಕೈಬಿಟ್ಟ ಮೇಲೂ ಸೈಕಲ್ಲು ಓಡುತ್ತದಲ್ಲ, ಹಾಗೆ. ಅರ್ಥವನ್ನು ನಮ್ಮೂರ ಮಾತಿನಲ್ಲೇ ಹೇಳಿದೆ. ಮುಗಿದ ಮೇಲೆ ಆಫೀಸರು, "ಬರೀರಿ ಎಲ್ಲರೂ. ಸಿಪಾಯಿ ನಿಂತಿರಲಿ. ಮೇಷ್ಟ್ರು ಅಲ್ಲೇ ನೆರಳಲ್ಲಿರಲಿ," ಅಂದು, ಕನ್ನಡಕ ಒರೆಸಿಕೊಳ್ಳುತ್ತ ಹೋದರು.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಮಾಸ್ತರು ನನ್ನನ್ನು ಹಿಡಿದರು. "ಎಲ್ಲಿ ಎಡವಿದಿ?"

"ಎಲ್ಲೂ ಇಲ್ರಿ ಸರ್. ಸಾಹೇಬರು ಏನೂ ಅನ್ನಲಿಲ್ಲ."

"ನಾ ಕೇಳಿಲ್ಲಲ್ಲ. ಈಗ ಅನ್ನು."

ಗಂಟುಮೂಟೆ, ಕೋಳಿಬುಟ್ಟಿಗಳ ನಡುವೆ ನಿಂತು ಅಂದೆ. ಮೂರನೆಯ ಸಾಲಿಗೆ ಮಣಿ ಏರಿತು. ಕೆಮ್ಮಿ, ದೂರದ ಊರಕೋಟೆಯ ಕಡೆ ನೋಡುತ್ತ, ದೊಡ್ಡ ಮನಸ್ಸು ಮಾಡಿ ಹೇಳಿದರು: "ಇರಲಿ. ಪಾಪ, ಸಾಹೇಬ್ರಿಗೆ ಕನ್ನಡ ಸ್ವಲ್ಪ ಕಡಿಮಿ ಅದ."

ಪಾಸಾದೆ. ಜಹೀರಾಬಾದಿನವನಿಗೆ ಬೇರೆ ಯಾವಳೋ ಸಿಕ್ಕಳು, ಗಾಡ್ ಬ್ಲೆಸ್ ಹರ್. ನಾನು ಮುಂದೆ ಓದಿ ಇಂಗ್ಲಿಷ್ ಟೀಚರಾದೆ. ಅದನ್ನು ಕೇಳಿ ಮಾಸ್ತರು, "ಗಂಟಲ ಹರಕೊಂಡು ಕಲಿಸಿದವ ನಾನು, ಫಾಯದೆ ಆದದ್ದು ಇಂಗ್ಲಿಷಿಗೆ," ಅಂತ ಬೇಜಾರುಪಟ್ಟುಕೊಂಡರು. ನನ್ನ ಕ್ಲಾಸಿನ ಹುಡುಗಿಯರು ತಪ್ಪಿದಾಗ ನಾನೂ ಕೆಮ್ಮುತ್ತಿದ್ದೆ ಅಂತ ಅವರಿಗೆ ಹೇಳುವ ಧೈರ್ಯ ಆಗಲಿಲ್ಲ.

ರಿಟೈರಾಗಿ, ಅವ್ವಾರನ್ನೂ ಕಳಕೊಂಡು, ಅವರು ಬಸವಕಲ್ಯಾಣದಲ್ಲಿ ಮಗನ ಮನೆಯಲ್ಲಿದ್ದರು. ಎಂಬತ್ತರ ದಶಕದಲ್ಲಿ ಲಕವಾ ಹೊಡೆದು ಮಾತೂ ಎಡಗೈಯೂ ಹೋದವು ಅಂತ ಕೇಳಿ ನೋಡಲು ಹೋದೆ. ಬಾಗಿಲಲ್ಲೇ ಸೊಸೆ ನನ್ನ ಕೈ ಹಿಡಿದಳು. "ಅಕ್ಕಾರ, ನಿನ್ನೆಯಿಂದ ಒಂದು ಹನಿ ನೀರು ಬಾಯಾಗ ಬಿಟ್ಟುಕೊಂಡಿಲ್ರಿ. ಬರೇ ಕೆಮ್ಮಾಕತ್ತಾರ. ಡಾಕ್ಟರು ಕಫಕ್ಕ ಔಷಧ ಕೊಟ್ಟಾರ. ಹಿಂಗ ಆದ್ರ ಎಷ್ಟು ದಿನ ಇರತಾರ್ರಿ?"

ಒಳಗೆ ಹೋದೆ. ನನ್ನನ್ನು ನೋಡಿದ್ದೇ ಮಣಿ ಏರಿತು. ಒಂದು, ಎರಡು.

"ಇದು ಕಫ ಅಲ್ಲವಾ," ಅಂದೆ. "ಮೊದಲಿಂದ ಶುರು ಮಾಡ್ರಿ ಅನ್ನಾಕತ್ತಾರ. ಪೂಜಿ ಹ್ಯಾಂಗ ಮಾಡಿಸಿದಿರಿ?"

"ಕೈಯಾಗ ನಿಲ್ಲವಲ್ದಂತ ಎದಿ ಮ್ಯಾಲ ಇಟ್ಟು ಮಾಡಿಸಿದಿವ್ರಿ," ಅಂದ ಮಗ.

ನಾನು ಕೈಕಾಲು ತೊಳೆದು ಬಂದು ಮಂಚದ ಪಕ್ಕ ಕೂತೆ. ಬಿದ್ದುಹೋಗಿದ್ದ ಆ ಎಡ ಅಂಗೈಯ ಕೆಳಗೆ ನನ್ನ ಅಂಗೈ ಇಟ್ಟು ಮೇಲೆತ್ತಿದೆ. ಮಗ ಲಿಂಗವನ್ನು ಅದರಲ್ಲಿ ಇಟ್ಟ. ಮಾಸ್ತರ ಕಣ್ಣು ಅದರ ಮೇಲೆ ನೆಟ್ಟಿತು. ಕಿವಿ ಯಾರ ಮೇಲಿದೆ ಅಂತ ನನಗೆ ಗೊತ್ತಿತ್ತು. ಅದೇ ವಚನ ಶುರು ಮಾಡಿದೆ. ಮೂರನೆಯ ಸಾಲಿನಲ್ಲಿ, ನನ್ನ ಹಣೆಬರಹ, ಮತ್ತೆ ಎಡವಿದೆ. ಮಣಿ ಅರ್ಧ ಏರಿತು. ಏನೋ ಯೋಚಿಸಿದಂತೆ ಅಲ್ಲೇ ನಿಂತು, ಮೆಲ್ಲಗೆ ಇಳಿಯಿತು. ಪೂಜೆ ಮುಗಿಯಿತು. ಸೊಸೆ ಚಮಚೆಯಲ್ಲಿ ಕೊಟ್ಟ ನೀರನ್ನು ಕುಡಿದರು.

ಮರುದಿನದಿಂದ ಸೊಸೆಯೇ ಕೈಯಾಸರೆ ಕೊಟ್ಟಳು. ಕೊನೆಯ ದಿನದತನಕ ಪೂಜೆ ತಪ್ಪಲಿಲ್ಲ.

ಮಣ್ಣು ಮಾಡುವ ದಿನ ಅವರನ್ನು ಲಿಂಗವಂತರ ಪದ್ಧತಿಯಂತೆ ಕೂರಿಸಿದ್ದರು. ಮಣೆಯ ಮೇಲೆ ಕೂತ ಹಾಗೆಯೇ ಇದ್ದರು, ಅಂಗೈಯಲ್ಲಿ ಲಿಂಗ. ಸುತ್ತಲೂ ನಾವು, ಅವರ ಹಳೆಯ ವಿದ್ಯಾರ್ಥಿಗಳು: ಬೊಕ್ಕತಲೆಯ ಬಸ್ ಕಂಡಕ್ಟರು, ಕಿರಾಣಿ ಅಂಗಡಿಯವನು, ಇಬ್ಬರು ಅಜ್ಜಿಯಂದಿರು, ನಾನು. ಯಾರೋ ಆ ವಚನ ಎತ್ತಿಕೊಂಡರು, ಎಲ್ಲರೂ ದನಿ ಸೇರಿಸಿದೆವು. ಸಾಲು ಮುಗಿದಲ್ಲೆಲ್ಲ, ಯಾರೂ ಹೇಳದೆ, ಎಲ್ಲರೂ ಒಟ್ಟಿಗೆ ನಿಲ್ಲುತ್ತಿದ್ದೆವು. ಮೊದಲ ಸಾಲಿಗೆ ಕೆಮ್ಮು ಬರಲಿಲ್ಲ. ಎರಡನೆಯದಕ್ಕೂ ಬರಲಿಲ್ಲ.

ಮೂರನೆಯ ಸಾಲಿಗೆ, ಬುಟ್ಟಿಯಿಂದ ಸುರಿದ ವಿಭೂತಿಯ ಪುಡಿ ಗಾಳಿಗೆದ್ದು, ಹಿಂದೆ ನಿಂತಿದ್ದ ಯಾರಿಗೋ ಕೆಮ್ಮು ಬಂತು. ಖರೇ ಕೆಮ್ಮು.

ನಾವೆಲ್ಲ ತಟ್ಟನೆ ನಿಂತೆವು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ಆ ಸಾಲನ್ನು ಮತ್ತೆ ಹೇಳಿದೆವು.